ಹಲ್ಲು ಕಟ್ಟುವವನ ಮನೆ

ನನ್ನ ನಾಲಿಗೆ ನನ್ನದೇ, ಹಲ್ಲು ಮಾತ್ರ ಅಣ್ಣನದು. ಮೇಲಿನ ಸಾಲು ಪೂರ್ತಿ ಅವನೇ ಕಟ್ಟಿಕೊಟ್ಟದ್ದು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು "ಎರಡನೇ ಪ್ಲಾಟ್‌ಫಾರಂ ಅಂತ ಹೇಳಿದ್ನಲ್ಲ, ಎರಡನೇದು!" ಎಂದು ದಿನವಿಡೀ ಕೂಗಿ ಕೂಗಿ ನಿವೃತ್ತಳಾದವಳು ನಾನು. ಅಷ್ಟು ಕೂಗಿದರೂ ಒಂದು ದಿನವೂ ಸೆಟ್ಟು ಜಾರಲಿಲ್ಲ ಎಂದರೆ ಅಣ್ಣನ ಕೈಕೆಲಸ ಎಂಥದ್ದು ಎಂದು ನೀವೇ ಊಹಿಸಿಕೊಳ್ಳಿ.

ಅಣ್ಣ ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯ ರಗಳೆಯೆಲ್ಲ ಇರುವುದು ಅಲ್ಲೇ. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಅವನಿಗೆ ಕಳಿಸುತ್ತಾರೆ. ಅವನು ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಅಳಿದುಳಿದ ಹಲ್ಲುಗಳ ಸಮೇತ ಬಿಳಿಯ ದವಡೆಗಳನ್ನು ಮಾಡಿಕೊಳ್ಳುತ್ತಾನೆ, ಮೇಲಿನದೊಂದು, ಕೆಳಗಿನದೊಂದು. ಅವುಗಳ ಮೇಲೆ ಮೇಣದ ಒಸಡು ಕಟ್ಟಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ ಕಳಿಸುತ್ತಾನೆ. ಡಾಕ್ಟರು ಅದನ್ನು ರೋಗಿಯ ಬಾಯಿಗೆ ಇಡುತ್ತಾರೆ. ಹೊಗಳಿಕೆಯೂ ಅವರಿಗೇ ಹೋಗುತ್ತದೆ. ಬದುಕಿರುವ ಮನುಷ್ಯನ ಬಾಯಿಗೆ ಅಣ್ಣ ಬೆರಳು ಹಾಕುವಂತಿಲ್ಲ. ಕಾನೂನು ಹಾಗಿದೆ, ಆದರೆ ಅಣ್ಣನಿಗೆ ಅದು ಕಾನೂನಿಗಿಂತ ಹೆಚ್ಚು, ಆಣೆ ಇಟ್ಟ ಹಾಗೆ. ನನ್ನ ಸೆಟ್ಟು ಹೊಸತರಲ್ಲಿ ಒತ್ತುತ್ತಿದೆ ಎಂದು ನಾನು ಅವನ ಮುಂದೆ ಬಾಯಿ ತೆರೆದು ನಿಂತಾಗಲೂ "ಡಾಕ್ಟರ ಹತ್ರ ಹೋಗು" ಎಂದು ಮುಖ ತಿರುಗಿಸಿದವನು ಅವನು. ಒಡಹುಟ್ಟಿದ ತಂಗಿಗೆ!

ಅವನ ಕೆಲಸದಲ್ಲಿ ಇನ್ನೆರಡು ವಿಚಿತ್ರಗಳಿದ್ದವು. ಒಂದು, ಯಾವ ಸೆಟ್ಟು ಮಾಡಿದರೂ ಮೇಲಿನ ಸಾಲಿನ ಎಡಗಡೆಯ ಒಂದು ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿ ಕೂರಿಸುತ್ತಿದ್ದ. "ಎಲ್ಲ ನೆಟ್ಟಗಿದ್ರೆ ಸುಳ್ಳು ಅಂತ ಗೊತ್ತಾಗಿಬಿಡತ್ತೆ" ಎನ್ನುತ್ತಿದ್ದ. ಇನ್ನೊಂದು, ಬೇರೆಯವರು ಕೆಲಸ ಮುಗಿದ ಮೇಲೆ ಪ್ಲಾಸ್ಟರ್ ದವಡೆಗಳನ್ನು ಬಿಸಾಡುತ್ತಾರೆ, ಇವನು ಬಿಸಾಡುತ್ತಿರಲಿಲ್ಲ. ಸೆಟ್ಟು ಯಾವತ್ತಾದರೂ ಮುರಿದರೆ ರಿಪೇರಿಗೆ ಬೇಕಾಗುತ್ತದೆ ಎಂದು ಜೋಡಿ ಜೋಡಿಯಾಗಿ ಹಲಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ನಂಬರು ಇಲ್ಲ, ಚೀಟಿ ಇಲ್ಲ. ಯಾವುದು ಎಲ್ಲಿದೆ ಎಂಬುದು ಅವನ ತಲೆಯಲ್ಲೇ ಇತ್ತು. ಮುರಿದ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ಜನ ಪಕ್ಕದ ಬಾಗಿಲಿನಿಂದ ಬರುತ್ತಿದ್ದರು. ಬೀದಿಯಲ್ಲಿ ಎದೆಯೆತ್ತಿ ನಡೆಯುವ ಮಹಾಶಯರೆಲ್ಲ ನಮ್ಮ ಪಕ್ಕದ ಬಾಗಿಲಲ್ಲಿ ಇಂಗು ತಿಂದ ಮಂಗನ ಹಾಗೆ ನಿಂತಿರುವುದನ್ನು ನಾನು ಕಂಡಿದ್ದೇನೆ. ಅಣ್ಣ ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿದವನಲ್ಲ. ಹೆಂಡತಿಗೂ ಹೇಳುತ್ತಿರಲಿಲ್ಲ.

ಮನೆ ಎಂದರೆ ಕೆಳಗೆ ಎರಡು ಕೋಣೆ, ಒಂದು ಅಡುಗೆಮನೆ; ಮಹಡಿಯ ಮೇಲೆ ನನ್ನದೊಂದು ಗೂಡು. ಬೀದಿಗೆ ಮುಖ ಮಾಡಿದ ದೊಡ್ಡ ಕೋಣೆಯೇ ಅಣ್ಣನ ಕಾರ್ಖಾನೆ, ಬಂದವರು ಕೂರುವ ಜಾಗವೂ ಅದೇ. ಅದೇ ಕೋಣೆಯ ಮೂಲೆಯಲ್ಲಿ ಮಗಳ ಮಂಚ. ಮಂಚದ ಮೇಲಿನ ಗೋಡೆಗೆ ಸೂರಿನ ತನಕ ಹಲಗೆಗಳು, ಹಲಗೆ ತುಂಬ ಊರವರ ದವಡೆಗಳು. ಮಗಳನ್ನು ನಾವು ಕರೆಯುವುದು ಗುಬ್ಬಿ ಎಂದು. ಚಿಕ್ಕವಳಿದ್ದಾಗ ಅವಳಿಗೆ ಬೇರೆ ಆಟದ ಸಾಮಾನೇ ಬೇಕಿರಲಿಲ್ಲ. ಒಂದು ಜೋಡಿ ಕೈಗೆತ್ತಿಕೊಂಡು ಮೇಲೆ ಕೆಳಗೆ ಆಡಿಸುತ್ತ ಮಾತಾಡಿಸುವಳು. ಸಮುದ್ರದಾಚೆಯ ದೇಶದ ಭಾಷೆಯನ್ನು ಶಾಲೆಯಲ್ಲಿ ಕಲಿಯಲು ಶುರುಮಾಡಿದಾಗ ಮೊದಮೊದಲು ಅದನ್ನು ಆಡಿದ್ದೂ ಆ ದವಡೆಗಳ ಜೊತೆಗೇ. ನಮಗಂತೂ ಒಂದಕ್ಷರ ತಿಳಿಯುತ್ತಿರಲಿಲ್ಲ.

ಆಮೇಲೆ ಒಂದು ದಿನ ಜೊತೆಯ ಹುಡುಗಿಯೊಬ್ಬಳು ಮನೆಗೆ ಬಂದಳು, ಗೋಡೆ ನೋಡಿದಳು, ಕಿಟಾರನೆ ಕಿರುಚಿದಳು. ಮರುದಿನದಿಂದ ಶಾಲೆಯಲ್ಲಿ ನಮ್ಮ ಮನೆಗೆ "ಹೆಣದ ಬಾಯಿ ಮನೆ" ಎಂದು ಹೆಸರು ಬಿತ್ತು. ಅದೇ ವರ್ಷ ಅಣ್ಣನ ಮುಂದಿನ ಹಲ್ಲೊಂದು ಉದುರಿತು. ಊರಿಗೆಲ್ಲ ಹಲ್ಲು ಕಟ್ಟುವವನು ತನಗೊಂದು ಕಟ್ಟಿಕೊಳ್ಳಲಿಲ್ಲ, ಯಾಕೆಂದರೆ ಅಚ್ಚು ತೆಗೆಸಿಕೊಳ್ಳಲು ಡಾಕ್ಟರ ಮುಂದೆ ಬಾಯಿ ತೆರೆದು ಮಲಗಬೇಕಲ್ಲ! ಕೆಲಸ ಕೊಡುವ ಡಾಕ್ಟರುಗಳ ಮುಂದೆ ಹಾಗೆ ಮಲಗಲು ಅವನಿಗೆ ಸಂಕೋಚ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಇವನ ಹತ್ತಿರ ಡಬ್ಬಿ ತುಂಬ ಹಲ್ಲಿದ್ದೂ ಬಾಯಲ್ಲಿ ಕಿಂಡಿ. ಶಾಲೆಯ ಗೇಟಿನ ಬಳಿ ಮಗಳನ್ನು ಕಂಡು ಅವನು ನಕ್ಕಾಗ ಪಕ್ಕದಲ್ಲಿದ್ದ ಮಕ್ಕಳು ಕಿಸಕ್ಕೆಂದರು. ಮನೆಗೆ ಬರುವ ದಾರಿಯಲ್ಲಿ ಗುಬ್ಬಿ ಹೇಳಿದಳಂತೆ: "ಅಪ್ಪ, ನಗೋವಾಗ ಬಾಯಿಗೆ ಕೈ ಅಡ್ಡ ಇಟ್ಕೋ." ಅಂದಿನಿಂದ ಅಣ್ಣ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾನೆ. ಮಗು ಆಡಿದ ಮಾತು, ಅವಳು ಆ ವಾರವೇ ಮರೆತಿರಬೇಕು. ಅವನು ಮರೆಯಲಿಲ್ಲ.

ಗುಬ್ಬಿಗೆ ಹದಿನಾರು ತುಂಬಿದ ವರ್ಷ ಶಾಲೆಯಲ್ಲಿ ಆ ದೇಶಕ್ಕೆ ಹೋಗಲು ಎರಡು ದಾರಿ ತೆರೆದವು. ಒಂದು ಬೇಸಿಗೆ ಶಿಬಿರ: ಆರು ವಾರ, ಗುಂಪಿನಲ್ಲಿ ಹೋಗುವುದು, ಹಾಸ್ಟೆಲಿನಲ್ಲಿರುವುದು, ಗುಂಪಿನಲ್ಲೇ ಬರುವುದು. ಇನ್ನೊಂದು ವಿದ್ಯಾರ್ಥಿ ವಿನಿಮಯ: ಪೂರ್ತಿ ಒಂದು ವರ್ಷ ಅಲ್ಲಿನ ಒಂದು ಮನೆಯಲ್ಲಿ ಮಗಳ ಹಾಗೆ ಇದ್ದು, ಅಲ್ಲಿನ ಶಾಲೆಗೇ ಹೋಗುವುದು. ಗುಬ್ಬಿ ಮೂರನೇ ತರಗತಿಯಿಂದ ಜಪ ಮಾಡುತ್ತಿದ್ದದ್ದು ಈ ಎರಡನೆಯದನ್ನು. ಆ ಭಾಷೆಯ ಪದಗಳನ್ನು ಅವಳು ಕನ್ನಡಿಗೆ, ಕಪಾಟಿಗೆ, ಕೊನೆಗೆ ನನ್ನ ಕೊಡೆಗೂ ಅಂಟಿಸಿದ್ದಳು. ಹಾಗಾಗಿ ಅವಳು ಯಾವುದನ್ನು ಆರಿಸಿಕೊಳ್ಳುತ್ತಾಳೆ ಎಂದು ಯಾರೂ ಕೇಳಲೇ ಇಲ್ಲ.

ಊಟಕ್ಕೆ ಕೂತಾಗ ಅವಳೇ ಹೇಳಿದಳು: "ನಾನು ಬೇಸಿಗೆ ಶಿಬಿರಕ್ಕೆ ಹೆಸರು ಕೊಟ್ಟೆ."

ಅಣ್ಣ ತುತ್ತು ಕೆಳಗಿಟ್ಟ. "ಅದು ಆರು ವಾರದ್ದಲ್ವಾ? ನೀನು ಕಾಯ್ತಿದ್ದದ್ದು ವರ್ಷದ್ದಕ್ಕೆ."

"ಆರು ವಾರ ಸಾಕಪ್ಪ. ವರ್ಷ ಹೋದ್ರೆ ಇಲ್ಲಿ ಓದು ಹಿಂದೆ ಬೀಳತ್ತೆ."

ಅತ್ತಿಗೆಗೆ ಒಳಗೊಳಗೇ ಸಮಾಧಾನ. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಇಡೀ ದಿನ ನಿಂತು ಬರುವವಳು, ಮಗಳ ಮುಖ ನೋಡಿದರೇ ಅವಳ ಕಾಲುನೋವು ಇಳಿಯುವುದು. "ಹೌದು ಬಿಡು, ಕಂಡವರ ಮನೇಲಿ ವರ್ಷಗಟ್ಟಲೆ ಇರೋದು ಸುಮ್ನೆ ಮಾತಾ?" ಎಂದಳು.

ನಾನು ಬಿಡುವವಳಲ್ಲ. "ಆರು ವಾರದಲ್ಲಿ ಏನು ನೋಡ್ತೀಯೇ? ಅಲ್ಲಿನ ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಯಾವ ಕಡೆಗಿದೆ ಅಂತ ತಿಳಿಯೋ ಹೊತ್ತಿಗೆ ವಾಪಸ್ ಬಸ್ಸು ಬಂದು ನಿಂತಿರತ್ತೆ."

"ಅತ್ತೆ, ಸಾಕು ಅಂದ್ನಲ್ಲ."

ಸಾಕು ಎಂದವಳ ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ನನಗೆ ಅನುಮಾನ ಬಂತು, ಆದರೆ ಏನೆಂದು ಹೊಳೆಯಲಿಲ್ಲ.

ಹೊಳೆದದ್ದು ಆ ವಾರದ ಕೊನೆಗೆ. ಅಣ್ಣ ಮೇಣ ಕಾಯಿಸುತ್ತಿದ್ದಾಗ ಫೋನು ಬಂತು. ಕೈಯೆಲ್ಲ ಮೇಣ, ನಾನೇ ಗುಂಡಿ ಒತ್ತಿ, ಗಟ್ಟಿಯಾಗಿ ಕೇಳುವ ಹಾಗೆ ಮಾಡಿ ಮೇಜಿನ ಮೇಲಿಟ್ಟೆ. ವಿನಿಮಯದ ವ್ಯವಸ್ಥೆ ನೋಡಿಕೊಳ್ಳುವ ಮೇಷ್ಟ್ರು.

"ಇಡೀ ಶಾಲೆಯಲ್ಲಿ ಆ ಭಾಷೆ ನಿಮ್ಮ ಮಗಳಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ವರ್ಷದ್ದಕ್ಕೆ ಅವಳೇ ಹೋಗ್ಬೇಕು ಅಂತ ನಾನು ಅಂದ್ಕೊಂಡಿದ್ದೆ. ಯಾಕೆ ಹಿಂದೆ ಸರಿದಳು? ಅತಿಥಿಯನ್ನ ಇಟ್ಕೊಳ್ಳೋದು ಕಷ್ಟ ಅಂತನಾ?"

"ಯಾವ ಅತಿಥಿ ಸಾರ್?" ಎಂದ ಅಣ್ಣ.

"ಅವಳು ಹೇಳಿಲ್ವಾ? ನಿಮ್ಮ ಮಗಳು ಯಾರ ಮನೇಲಿರ್ತಾಳೋ ಆ ಮನೆ ಹುಡುಗಿ ಆ ಒಂದು ವರ್ಷ ನಿಮ್ಮ ಮನೇಲಿರ್ತಾಳೆ. ವಿನಿಮಯ ಅಂದ್ರೆ ಅದೇ ಅಲ್ವಾ! ಒಂದು ಮಂಚ, ಒಂದು ಮೇಜು ಇದ್ರೆ ಸಾಕು. ನಾನು ಒಂದ್ಸಲ ಬಂದು ಮನೆ ನೋಡ್ಲಾ?"

ಅಣ್ಣ ತಲೆಯೆತ್ತಿ ಮಗಳ ಮಂಚ ನೋಡಿದ. ಆಮೇಲೆ ಮಂಚದ ಮೇಲಿನ ಹಲಗೆಗಳನ್ನು ನೋಡಿದ, ಕೆಳಗಿನಿಂದ ಮೇಲಿನ ತನಕ, ಬೇರೆಯವರ ಮನೆಯ ಗೋಡೆ ನೋಡುವವನ ಹಾಗೆ. ಪಾತ್ರೆಯಲ್ಲಿ ಮೇಣ ಹೊಗೆಯಾಡತೊಡಗಿತು.

"ಭಾನುವಾರ ಬನ್ನಿ ಸಾರ್," ಎಂದ.

ಫೋನಿಟ್ಟ ಮೇಲೆ ನಾನು ಅವನ ಮುಖ ನೋಡಲಿಲ್ಲ, ಅವನೂ ನನ್ನ ಮುಖ ನೋಡಲಿಲ್ಲ. ಗುಬ್ಬಿ ಮನೆಯ ಬಗ್ಗೆ ನಾಚಿ ತನ್ನ ಆಸೆಗೇ ಕಲ್ಲು ಹಾಕಿಕೊಂಡಿದ್ದಳು. ನನಗೆ ಬಂದದ್ದು ಸಿಟ್ಟು. ಅಣ್ಣನಿಗೆ ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು. "ಪಾಪ, ನಾನು ಯೋಚನೆ ಮಾಡ್ಬೇಕಿತ್ತು" ಎಂದನಷ್ಟೇ. ತಪ್ಪು ಮಾಡಿ ಸಿಕ್ಕಿಬಿದ್ದವನ ದನಿ ಅದು.

ಶನಿವಾರ ಅವನು ಕೆಲಸಕ್ಕೆ ಕೈ ಹಚ್ಚಲಿಲ್ಲ. ಸ್ಟೂಲು ಹತ್ತಿ ದವಡೆಗಳನ್ನು ಒಂದೊಂದಾಗಿ ಇಳಿಸಿ ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಜೋಡಿಸತೊಡಗಿದ. ಗುಬ್ಬಿ ಶಾಲೆಯಿಂದ ಬಂದು ಬಾಗಿಲಲ್ಲೇ ನಿಂತಳು.

"ನಾಳೆ ನಿಮ್ಮ ಮೇಷ್ಟ್ರು ಬರ್ತಾರೆ," ಎಂದ ಅಣ್ಣ ಸ್ಟೂಲಿನ ಮೇಲಿನಿಂದ. "ಹಾಸಿಗೆ ಹತ್ರ ಇವೆಲ್ಲ ಯಾಕೆ ಅಂತ... ಮೊದಲೇ ತೆಗೀಬೇಕಿತ್ತು."

ನಾನು ಅಡುಗೆಮನೆಯ ಪರದೆಯ ಹತ್ತಿರ ನಿಂತು ಕಾಯುತ್ತಿದ್ದೆ. ಬೇಡಪ್ಪ, ಇರಲಿ ಬಿಡು ಅನ್ನುತ್ತಾಳೆ ಎಂದು. ಒಂದು ಮಾತು ಸಾಕಿತ್ತು. ಅವಳು ಚೀಲ ಇಳಿಸಿದಳು, ತುಟಿ ಕಚ್ಚಿಕೊಂಡಳು, ಹೋಗಿ ಅಂಗಡಿಯಿಂದ ಎರಡು ರಟ್ಟಿನ ಪೆಟ್ಟಿಗೆ ತಂದಳು. ತಂದು ಚುರುಕಾಗಿ ತುಂಬತೊಡಗಿದಳು. ಅಣ್ಣ ಇಳಿಸುವುದು, ಅವಳು ತುಂಬುವುದು. ಇಬ್ಬರೂ ಮಾತಿಲ್ಲದೆ ಕಳ್ಳತನದ ಮಾಲು ಸಾಗಿಸುವವರ ಹಾಗೆ ಆ ಕೆಲಸ ಮುಗಿಸಿದರು.

ಆತುರದಲ್ಲಿ ಅಚ್ಚುಕಟ್ಟು ಮಾಡಲು ಹೋಗಿ ಅವಳು ಒಂದು ಎಡವಟ್ಟು ಮಾಡಿದಳು. ಮೇಲಿನ ದವಡೆಗಳನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿದಳು, ಕೆಳಗಿನವನ್ನೆಲ್ಲ ಇನ್ನೊಂದಕ್ಕೆ. ಒಂದರೊಳಗೊಂದು ಚೆನ್ನಾಗಿ ಕೂರುತ್ತಿದ್ದವಂತೆ. ಅಣ್ಣನ ಬೆನ್ನು ಅವಳ ಕಡೆಗಿತ್ತು. ಅವನು ಇಳಿದು ನೋಡುವ ಹೊತ್ತಿಗೆ ಊರಿನ ಬಾಯಿಗಳೆಲ್ಲ ಎರಡು ಪಾಲಾಗಿದ್ದವು. ಅವನು ಹಾಗೆಯೇ ಪೆಟ್ಟಿಗೆಗಳನ್ನು ಹೊತ್ತು ನನ್ನ ಗೂಡಿನ ಮಂಚದ ಕೆಳಗೆ ತಳ್ಳಿದ. ಅವತ್ತು ನಾನು ಊರಿನ ಅರ್ಧದಷ್ಟು ಜನರ ಬಾಯಿಯ ಮೇಲೆ ಮಲಗಿದ್ದೆ, ನಿದ್ದೆ ಮಾತ್ರ ಬರಲಿಲ್ಲ.

ಭಾನುವಾರ ಹಲಗೆಗಳ ಮೇಲೆ ಗುಬ್ಬಿಯ ಪುಸ್ತಕಗಳು, ನನ್ನ ಗಡಿಯಾರ, ಪಕ್ಕದ ಮನೆಯಿಂದ ಎರವಲು ತಂದ ಹೂದಾನಿ. ಉಜ್ಜುವ ಯಂತ್ರಕ್ಕೆ ಮೇಜುಬಟ್ಟೆ ಹೊದಿಸಿದೆವು. ಆದರೆ ಆ ಕೋಣೆಯ ವಾಸನೆಗೆ ಏನು ಹೊದಿಸುತ್ತೀರಿ? ಒಸಡು ಮಾಡುವ ಪ್ಲಾಸ್ಟಿಕ್ ಪುಡಿಗೆ ಬೆರೆಸುವ ದ್ರವದ ಘಾಟು ಗೋಡೆಗೇ ಹಿಡಿದುಹೋಗಿತ್ತು. ಅತ್ತಿಗೆ ಸೆಂಟು ಹೊಡೆದಳು, ಎರಡೂ ಸೇರಿ ಆಸ್ಪತ್ರೆಯಲ್ಲಿ ಯಾರೋ ಮದುವೆಗೆ ಹೊರಟ ಹಾಗಾಯಿತು. ಆಮೇಲೆ ಅಂಗಡಿಯ ಪಾಳಿಗೆ ಹೊತ್ತಾಯಿತೆಂದು ಅವಳು ಹೊರಟುಹೋದಳು.

ಮೇಷ್ಟ್ರು ವಯಸ್ಸಾದವರು, ಸಣಕಲು, ಮೃದು ಮನುಷ್ಯ. ತುಟಿ ಹೆಚ್ಚು ಬಿಚ್ಚದೆ ಮಾತಾಡುತ್ತಿದ್ದರು. ಕೋಣೆ ನೋಡಿ "ಬೆಳಕು ಚೆನ್ನಾಗಿದೆ" ಎಂದರು. ಮಂಚ ನೋಡಿದರು, ಮೇಜು ನೋಡಿದರು, ಕುರ್ಚಿಯಲ್ಲಿ ಕೂತರು. ಅಣ್ಣ ಅಪರೂಪಕ್ಕೆ ತೊಡುವ ಇಸ್ತ್ರಿ ಶರ್ಟಿನಲ್ಲಿ, ಪ್ಲಾಸ್ಟರ್ ಕೂತ ಉಗುರುಗಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು ಎದುರಿಗೆ ಕೂತಿದ್ದ.

"ತಾವು ಏನು ಕೆಲಸ ಮಾಡ್ತೀರಿ? ಆ ಮನೆಯವರು ಕೇಳ್ತಾರೆ, ಅದಕ್ಕೆ."

ಅಣ್ಣ ಬಾಯಿ ತೆರೆಯುವ ಮೊದಲೇ ಗುಬ್ಬಿ ಹೇಳಿಬಿಟ್ಟಳು: "ಅಪ್ಪ ಹಲ್ಲಿನ ಡಾಕ್ಟರು."

ನನ್ನ ಹಲ್ಲೇ ಬಾಯಿಂದ ಬಿದ್ದುಹೋಗುವ ಹಾಗಾಯಿತು. ಅಣ್ಣ ಮಗಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ನಿಧಾನವಾಗಿ ತಲೆಯಾಡಿಸಿದ, ಹೌದು ಎಂದು. ಸುಳ್ಳು ಹಲ್ಲು ಸಾವಿರ ಮಾಡಿದವನು, ಸುಳ್ಳು ಹೇಳಿದ್ದು ನಾನು ಕಂಡಂತೆ ಅದೇ ಮೊದಲು.

"ಟೀ ತರ್ತೀನಿ" ಎಂದು ಗುಬ್ಬಿ ಒಳಗೆ ಓಡಿದಳು. ನಾನೂ ಹಿಂದೆಯೇ ಹೋದೆ, ಕೆನ್ನೆಗೆ ಎರಡು ಬಿಗಿಯಬೇಕೆಂದೇ ಹೋದೆ. ಆದರೆ ಪರದೆಯ ಆಚೆ ಕುರ್ಚಿ ಎಳೆದ ಸದ್ದು ಕೇಳಿ ಇಬ್ಬರೂ ನಿಂತೆವು. ಮೇಷ್ಟ್ರು ಅಣ್ಣನ ಹತ್ತಿರಕ್ಕೆ ಸರಿದಿದ್ದರು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಡಾಕ್ಟರೇ, ದೇವರೇ ಕಳಿಸಿದ ಹಾಗಾಯ್ತು. ನನ್ನದೊಂದು ಕಷ್ಟ ಇದೆ. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೇಲಿನ ಸೆಟ್ಟು ಒಂದು ಕಡೆ ಒತ್ತತ್ತೆ. ನನ್ನ ಡಾಕ್ಟರ ಹತ್ರ ಮತ್ತೆ ಹೋಗೋಕೆ ಒಂಥರಾ ಆಗತ್ತೆ, ಎರಡು ಸಲ ಹೋಗಿ ಬಂದಿದ್ದೀನಿ. ತಾವು ಒಂದ್ಸಲ..." ಅವರು ಬೀದಿಯ ಕಿಟಕಿಯ ಕಡೆ ನೋಡಿ, ಕೈ ಅಡ್ಡ ಹಿಡಿದು, ಸೆಟ್ಟು ತೆಗೆದು ಕರವಸ್ತ್ರದಲ್ಲಿಟ್ಟು ಅಣ್ಣನ ಕೈಗೆ ಕೊಟ್ಟರು. ಕೆನ್ನೆ ಒಳಕ್ಕೆ ಹೋಗಿ ಮುಖ ಅರ್ಧವಾಯಿತು. "ಬಾಯೊಳಗೆ ಬೆರಳು ಹಾಕಿ ನೋಡಿ, ಎಲ್ಲಿ ಹುಣ್ಣಾಗಿದೆ ಅಂತ ಗೊತ್ತಾಗತ್ತೆ" ಎಂದು ತೊದಲಿ, ಬಾಯಿ ತೆರೆದು ಕೂತರು.

ಪರದೆಯ ಸಂದಿಯಿಂದ ನನಗೆ ಅಣ್ಣನ ಕೈ ಕಾಣುತ್ತಿತ್ತು. ಸೆಟ್ಟನ್ನು ತಿರುಗಿಸಿದ. ಎಡಗಡೆಯ ಆ ಒಂದು ಹಲ್ಲಿನ ಮೇಲೆ ಅವನ ಹೆಬ್ಬೆರಳು ನಿಂತಿತು. ಅವನದೇ ಕೆಲಸ. ಎದುರಿಗೆ ಮೇಷ್ಟ್ರ ಬಾಯಿ ತೆರೆದೇ ಇತ್ತು. ಒಂದು ಬೆರಳು ಹಾಕಿ "ಹೂಂ" ಎಂದಿದ್ದರೆ ಸಾಕಿತ್ತು, ಮಗಳ ಮಾತೂ ಉಳಿಯುತ್ತಿತ್ತು, ವರ್ಷವೂ ಸಿಗುತ್ತಿತ್ತು. ಅತ್ತ ದರಿ, ಇತ್ತ ಪುಲಿ. ನನ್ನ ಪಕ್ಕದಲ್ಲಿ ಗುಬ್ಬಿ ಟೀ ತಟ್ಟೆ ಹಿಡಿದು ನಿಂತಿದ್ದಳು.

ಅಣ್ಣ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಎರಡೂ ಕೈಯಿಂದ ವಾಪಸ್ ಕೊಟ್ಟ.

"ಸಾರ್, ನಾನು ಡಾಕ್ಟರಲ್ಲ. ಹಲ್ಲು ಕಟ್ಟೋನು. ಇದನ್ನ ಕಟ್ಟಿದ್ದೂ ನಾನೇ. ಬಾಯಿಗೆ ಕೈ ಹಾಕೋ ಹಕ್ಕು ನನಗಿಲ್ಲ. ನೀವು ಸಂಕೋಚ ಪಡದೆ ನಿಮ್ಮ ಡಾಕ್ಟರ ಹತ್ರಾನೇ ಹೋಗಿ, ಅವರು ಗುರುತು ಮಾಡಿ ಕಳಿಸಿದ್ರೆ ನಾನು ಉಜ್ಜಿ ಕೊಡ್ತೀನಿ." ಸ್ವಲ್ಪ ತಡೆದು ಹೇಳಿದ: "ಮಗಳದ್ದೇನೂ ತಪ್ಪಿಲ್ಲ ಸಾರ್. ತಲೆ ಆಡಿಸಿದ್ದು ನಾನು."

ಗುಬ್ಬಿಯ ಕೈಯಿಂದ ತಟ್ಟೆಯನ್ನು ನಾನೇ ಕಿತ್ತುಕೊಂಡು ಹೊರಗೆ ಹೋದೆ. ಮೇಷ್ಟ್ರು ಅಷ್ಟರಲ್ಲಿ ಗೋಡೆಗೆ ಮುಖ ಮಾಡಿ ಸೆಟ್ಟು ಹಾಕಿಕೊಂಡಿದ್ದರು. ಕುತ್ತಿಗೆಯ ತನಕ ಕೆಂಪಾಗಿದ್ದರು. ಇಬ್ಬರು ಗಂಡಸರೂ ಕಾಲಿನ ಹೆಬ್ಬೆಟ್ಟು ನೋಡುತ್ತ ಬಿಸಿ ಟೀಯನ್ನು ಔಷಧದ ಹಾಗೆ ಕುಡಿದರು. ಬಾಗಿಲಲ್ಲಿ ಮೇಷ್ಟ್ರು "ದಯವಿಟ್ಟು ಈ ವಿಷಯ ಯಾರಿಗೂ..." ಎಂದು ಶುರುಮಾಡಿದರು.

"ಯಾವ ವಿಷಯ ಸಾರ್?" ಎಂದ ಅಣ್ಣ.

ಮೇಷ್ಟ್ರು ಅವನ ಮುಖವನ್ನೇ ಒಂದು ಗಳಿಗೆ ನೋಡಿದರು. "ಜಾಗ ಸಾಕು. ಮಗಳಿಗೆ ಮನಸ್ಸಿದ್ರೆ ಬುಧವಾರದೊಳಗೆ ಹೇಳಲಿ," ಎಂದು ಹೊರಟುಹೋದರು.

ಆ ಇಡೀ ದಿನ ಗುಬ್ಬಿ ಅಡುಗೆಮನೆಯಿಂದ ಈಚೆ ಬರಲಿಲ್ಲ. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತೇನೆ ಎನ್ನುವ ಹಾಗೆ ಮೂಲೆಯಲ್ಲಿ ಕೂತಿದ್ದಳು. ನಾನು ಬೈಯಬೇಕೆಂದು ಗಂಟಲಿಗೆ ತಂದುಕೊಂಡದ್ದನ್ನೆಲ್ಲ ಅಣ್ಣ ಕಣ್ಣಲ್ಲೇ ತಡೆದ.

ಮರುದಿನ ಒಬ್ಬ ಮುದುಕಿ ಎರಡು ತುಂಡಾದ ಸೆಟ್ಟು ತಂದಳು. ಅಣ್ಣ ಅಭ್ಯಾಸಬಲದಿಂದ ಹಲಗೆಗೆ ಕೈ ಚಾಚಿದ, ಕೈಗೆ ಹೂದಾನಿ ಸಿಕ್ಕಿತು. ಪೆಟ್ಟಿಗೆಗಳನ್ನು ಕೆಳಗೆ ತಂದು ನೆಲದ ಮೇಲೆ ಸುರಿದುಕೊಂಡು ಕೂತ. ಯಾವ ಮೇಲಿನದಕ್ಕೆ ಯಾವ ಕೆಳಗಿನದು? ಒಂದೊಂದನ್ನೇ ಹಿಡಿದು ಕೂರಿಸಿ ನೋಡುವುದೇ ದಾರಿ. ತನ್ನ ಜೋಡಿಯಲ್ಲದ್ದು ಅಲ್ಲಾಡುತ್ತದೆ. ತನ್ನದಾದರೆ ಸದ್ದಿಲ್ಲದೆ ಕೂರುತ್ತದೆ. ಸಂಜೆ ಗುಬ್ಬಿ ಬಂದಾಗಲೂ ಅವನು ಅಲ್ಲೇ ಕೂತಿದ್ದ, ಮೊಣಕಾಲ ತನಕ ಬಿಳಿ ಪುಡಿ.

ಅವಳು ಮೆಲ್ಲಗೆ ಎದುರಿಗೆ ಕೂತಳು. ಅಣ್ಣ ತಲೆಯೆತ್ತಲಿಲ್ಲ.

"ನಿನ್ನ ಮಾತು ಉಳಿಸೋಕೆ ಆಗಲಿಲ್ಲ ಮಗಳೇ," ಎಂದ. "ಮೇಷ್ಟ್ರ ಮುಂದೆ ನಿನ್ನ ಮಾನ ಕಳೆದುಬಿಟ್ಟೆ. ಬಾಯಿಗೆ ಕೈ ಹಾಕೋದು ಒಂದು ಬಿಟ್ಟು ಬೇರೆ ಏನು ಕೇಳಿದ್ರೂ ಮಾಡ್ತಿದ್ದೆ." ಕೈಯಲ್ಲಿದ್ದದ್ದನ್ನು ತಿರುಗಿಸುತ್ತ ಹೇಳಿದ: "ಹಿಂದಿನ ಬೀದೀಲಿ ಒಂದು ಶೆಡ್ಡು ಖಾಲಿ ಇದೆ. ಇವನ್ನೆಲ್ಲ ಅಲ್ಲಿಗೆ ಸಾಗಿಸ್ತೀನಿ. ಆ ಹುಡುಗಿ ಬಂದ್ರೆ ಮನೆ ಮನೆ ಥರ ಇರತ್ತೆ. ನೀನು ವರ್ಷದ್ದಕ್ಕೇ ಹೋಗು."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಕ್ಷಮೆ ಕೇಳಿದನಲ್ಲ, ಅದನ್ನು ತಡೆಯಲಾಗಲಿಲ್ಲ. ಗೊಳೋ ಎಂದು ಅತ್ತಳು. ಮೂಗು ಒರೆಸಿಕೊಂಡ ಕೈಯಲ್ಲಿ ಪ್ಲಾಸ್ಟರ್ ಮೆತ್ತಿ ಮುಖವೆಲ್ಲ ಬಿಳಿಯಾಯಿತು.

"ನಂಗೆ ಈ ಮನೆ ಅಂದ್ರೆ ನಾಚಿಕೆ ಆಗ್ತಿತ್ತಪ್ಪ."

"ಗೊತ್ತು."

"ನೀನು ಅಂದ್ರೂನೂ."

ಅಣ್ಣ ತಡವರಿಸಲಿಲ್ಲ. "ಅದೂ ಗೊತ್ತು ಪುಟ್ಟ. ಈ ಬಾಗಿಲಿಗೆ ಬರೋರೆಲ್ಲ ನಾಚಿಕೆ ಹೊತ್ಕೊಂಡೇ ಬರೋದು. ನನಗೇನು ಹೊಸದಾ?"

ಅವಳು ಇನ್ನಷ್ಟು ಕುಗ್ಗಿದಳು. "ನಂಗೆ ವರ್ಷವೂ ಬೇಡ, ಆರು ವಾರನೂ ಬೇಡ. ಎಲ್ಲೂ ಹೋಗಲ್ಲ. ನಾನು ಅದಕ್ಕೆ ಯೋಗ್ಯಳಲ್ಲ."

ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದೇ ನನ್ನ ಜನ್ಮಕ್ಕೆ ಹೆಚ್ಚು. "ಏಳೇ ಮೇಲೆ!" ಎಂದೆ. "ಮೊನ್ನೆ ಮನೆ ನೋಡಿ ನಾಚಿಕೆ ಅಂತ ವರ್ಷ ಬಿಟ್ಟೆ. ಇವತ್ತು ನಿನ್ನನ್ನೇ ನೋಡಿ ನಾಚಿಕೆ ಅಂತ ಎಲ್ಲ ಬಿಡ್ತೀಯಾ? ನಾಚಿಕೆ ಏನು ನಿನ್ನ ಬಸ್ಸಿನ ಕಂಡಕ್ಟರಾ, ಅದು ಸೀಟಿ ಊದಿದಲ್ಲೆಲ್ಲ ಇಳಿಯೋಕೆ? ಅಪ್ಪನಿಗೆ ನೀನು ಏನಾದ್ರೂ ಕೊಡೋದಿದ್ರೆ ಮೊದಲು ಈ ರಾಶಿ ಜೋಡಿಸಿ ಕೊಡು. ಎರಡು ಪಾಲು ಮಾಡಿದ ಮಹಾರಾಯಿತಿ ನೀನೇ ಅಲ್ವಾ?"

ಅವಳು ಏಳಲಿಲ್ಲ. ಕೈ ಚಾಚಿ ರಾಶಿಯಿಂದ ಒಂದು ಮೇಲಿನದನ್ನು ಎತ್ತಿಕೊಂಡಳು. ಒಂದು ಕೆಳಗಿನದನ್ನು ಹಚ್ಚಿ ನೋಡಿದಳು, ಅಲ್ಲಾಡಿತು. ಇನ್ನೊಂದು ನೋಡಿದಳು. ಅಣ್ಣ ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟ, ಹಿಂದಿನ ಹಲ್ಲುಗಳ ಕಡೆಯಿಂದ, ಒತ್ತದೆ. ಬಹಳ ಹೊತ್ತಿನ ಮೇಲೆ ಒಂದು ಜೋಡಿ ಅವಳ ಕೈಯಲ್ಲಿ ಸದ್ದಿಲ್ಲದೆ ಕೂತಿತು.

"ಕೂತ್ಕೊಳ್ತಾ?"

"ಕೂತ್ಕೊಳ್ತು."

ಆ ಜೋಡಿಯನ್ನು ಅವಳೇ ಎದ್ದು, ಹೂದಾನಿ ಸರಿಸಿ, ತನ್ನ ಮಂಚದ ಮೇಲಿನ ಹಲಗೆಯಲ್ಲಿಟ್ಟಳು. ಅಣ್ಣ ಬೇಡ ಎನ್ನಲು ಬಾಯಿ ತೆರೆದ. ಅವಳು ಅಷ್ಟರಲ್ಲಿ ಇನ್ನೊಂದು ಎತ್ತಿಕೊಂಡಿದ್ದಳು. ಎಲ್ಲ ಮುಗಿಯಲು ಆ ವಾರದ ಸಂಜೆಗಳೆಲ್ಲ ಬೇಕಾದವು, ಕೆಲವಕ್ಕೆ ಕೊನೆಗೂ ಜೋಡಿ ಸಿಗಲಿಲ್ಲ. ಬುಧವಾರ ಮಾತ್ರ ಅವಳು ಶಾಲೆಯಿಂದ ತಡವಾಗಿ ಬಂದು, ಯಾರ ಮುಖವನ್ನೂ ನೋಡದೆ, "ವರ್ಷದ್ದಕ್ಕೆ ಹೂಂ ಅಂದು ಬಂದೆ. ಅಪ್ಪ ಏನು ಕೆಲಸ ಅಂತಾನೂ ಸರಿಯಾಗಿ ಹೇಳಿ ಬಂದೆ" ಎಂದು ಹೇಳಿ ಮತ್ತೆ ರಾಶಿಯ ಮುಂದೆ ಕೂತಳು. ಅತ್ತಿಗೆ ಸೆರಗು ಕಣ್ಣಿಗೊತ್ತಿಕೊಂಡಳು. ಶೆಡ್ಡಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಕೆಲವು ವಾರಗಳ ಮೇಲೆ ಆ ಮನೆಯವರು ಫೋನಿನಲ್ಲಿ ಮುಖ ತೋರಿಸಿದರು. ಒಬ್ಬ ತಾಯಿ, ಮುಖದ ತುಂಬ ಚುಕ್ಕಿಗಳಿದ್ದ ಒಬ್ಬ ಹುಡುಗಿ. ಗುಬ್ಬಿ ಆ ಭಾಷೆಯಲ್ಲಿ ಸರಸರ ಮಾತಾಡುತ್ತ ಮನೆಯೆಲ್ಲ ತೋರಿಸಿದಳು: ಅಡುಗೆಮನೆ, ನಾನು, ಅತ್ತಿಗೆ. ಮಂಚ ತೋರಿಸಿದಳು. ಆಮೇಲೆ ಒಂದು ಕ್ಷಣ ಅವಳ ಕೈ ತಡೆಯಿತು. ನಾನು ಹಲ್ಲು ಕಚ್ಚಿಕೊಂಡು ಕಾದೆ. ಫೋನು ನಿಧಾನವಾಗಿ ಮೇಲಕ್ಕೆ ಹೋಗಿ ಹಲಗೆಗಳ ಮುಂದೆ ನಿಂತಿತು. ಆ ಕಡೆಯಿಂದ ಹುಡುಗಿ ಏನೋ ಕೇಳಿದಳು, ಗುಬ್ಬಿ ಏನೋ ಹೇಳಿದಳು.

"ಏನಂತೆ?" ಎಂದ ಅಣ್ಣ, ಬಾಗಿಲ ಹಿಂದೆ ಅರ್ಧ ಅಡಗಿಕೊಂಡು.

"ಇವೆಲ್ಲ ಯಾರು ಮಾಡಿದ್ದು ಅಂತ ಕೇಳ್ತಿದ್ದಾಳೆ. ಬಾ ಇಲ್ಲಿ."

ಏಪ್ರನ್ನಿನಲ್ಲೇ ಇದ್ದ ಅವನನ್ನು ಅವಳು ಎಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಆ ಹುಡುಗಿ ಕೈಬೀಸಿ ಏನೋ ಅಂದಳು, ಅಣ್ಣನಿಗೆ ನಗು ಬಂತು. ಬಂದ ಕೂಡಲೇ ಕೈ ಬಾಯಿಗೆ ಹೋಯಿತು.

"ಕೈ ತೆಗಿ ಅಪ್ಪ," ಎಂದಳು ಗುಬ್ಬಿ.

ಅವನು ಅವಳ ಮುಖ ನೋಡಿದ. ಶಾಲೆಯ ಗೇಟಿನಿಂದ ಬರುವ ದಾರಿಯ ಆ ಮಾತು ಅವಳಿಗೂ ನೆನಪಿತ್ತು ಎಂದು ನನಗೆ ತಿಳಿದದ್ದು ಆಗ. ಮರೆತಿರುತ್ತಾಳೆ ಎಂದು ನಾನು ತಪ್ಪು ತಿಳಿದಿದ್ದೆ.

ಅಣ್ಣ ಕೈ ತೆಗೆದ. ಬಾಯಿಯ ಕಿಂಡಿ ಕಂಡಿತು. ಮರುಕ್ಷಣವೇ ಕೈ ತಾನಾಗಿ ಮತ್ತೆ ಮೇಲೆ ಬಂತು, ಅಷ್ಟು ವರ್ಷಗಳ ಅಭ್ಯಾಸ ಅದು. ಗುಬ್ಬಿ ಆ ಕೈಯನ್ನು ಹಿಡಿದು ಕೆಳಗಿಳಿಸಿ, ಫೋನು ನೋಡುತ್ತಲೇ ಮಾತು ಮುಂದುವರಿಸಿದಳು. ಅವಳ ಕಿವಿ ಕೆಂಪಗೆ ಉರಿಯುತ್ತಿತ್ತು, ನಾಚಿಕೆ ಪೂರ್ತಿ ಹೋಗಿರಲಿಲ್ಲ. ಆದರೂ ಕರೆ ಮುಗಿಯುವ ತನಕ ಅವನ ಕೈ ಬಿಡಲಿಲ್ಲ.